ಎಂಟನೇ ಕ್ಲಾಸಿನ ಹುಡುಗನನ್ನು ಯಾರು ನೋಡುತ್ತಾರೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಪೇಟೆಯಲ್ಲಿ ಹೂವಿನ ಹಾರಕ್ಕೆ ರೇಟು ಏರುತ್ತದೆ. ಜಾತಿಗೊಂದು ಸಂಘ, ಸಂಘಕ್ಕೊಂದು ಪ್ರತಿಭಾ ಪುರಸ್ಕಾರ. ಶಾಲು, ಹಾರ, ಒಂದು ನೆನಪಿನ ಕಾಣಿಕೆ. ಶಾಸಕರು ಬರುವ ತನಕ ಮಕ್ಕಳು ಬೆವರುತ್ತಾ ಕೂತಿರಬೇಕು. 625ಕ್ಕೆ 600 ತೆಗೆದವರನ್ನು ಗುರುತಿಸಲು ಯಾವ ಜಾಣತನವೂ ಬೇಕಿಲ್ಲ ಸ್ವಾಮಿ, ಅಂಕಪಟ್ಟಿ ಓದಲು ಬಂದರೆ ಸಾಕು. ಅದೇ ಮಗು ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತಿದ್ದಾಗ ಯಾರ ಕಣ್ಣಿಗೆ ಬಿದ್ದಿತ್ತು?

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನೀರಿಗೆ ಬರ ಉಂಟು, ಬುದ್ಧಿಗೆ ಬರ ಎಂದೂ ಇರಲಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದವರು. ಮೈಸೂರು ಸರ್ಕಾರ ನೆರವು ಕೊಟ್ಟಿತು, ಪುಣೆಗೆ ಹೋಗಿ ಇಂಜಿನಿಯರಾದರು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಬ್ಬರ ಫೋಟೋಕ್ಕೂ ವರ್ಷಕ್ಕೊಮ್ಮೆ ಹೂವು ಬೀಳುತ್ತದೆ. ಆದರೆ ಬೆಂಗಳೂರಿನ ತನಕ ನಡೆಯುವ ಹಠ ಎಲ್ಲ ಜಾಣ ಮಕ್ಕಳಿಗೂ ಇರುವುದಿಲ್ಲ. ಅರ್ಧದಾರಿಯಲ್ಲೇ ನಿಂತವರು ಎಷ್ಟು ಜನ ಅನ್ನುವ ಲೆಕ್ಕ ಯಾರ ಹತ್ತಿರವೂ ಇಲ್ಲ.

ಜಾಣ ಅಂದರೆ ಮೊದಲನೇ ಬೆಂಚಿನಲ್ಲಿ ಕೈ ಕಟ್ಟಿ ಕೂತು, ಕೇಳಿದ್ದಕ್ಕೆಲ್ಲ ಕೈ ಎತ್ತುವವನು ಅನ್ನೋದು ಹಳೇ ನಂಬಿಕೆ. ನಿಜವಾದ ಚುರುಕು ಹುಡುಗ ಎಷ್ಟೋ ಸಲ ತರಲೆ ಅನ್ನಿಸಿಕೊಂಡಿರುತ್ತಾನೆ. ಬೋರ್ಡಿನ ಲೆಕ್ಕ ಎರಡು ನಿಮಿಷಕ್ಕೆ ಮುಗಿಸುತ್ತಾನೆ, ಉಳಿದ ಮೂವತ್ತೆಂಟು ನಿಮಿಷ ಪಕ್ಕದವನ ಬೆನ್ನಿಗೆ ಪೆನ್ನು ಚುಚ್ಚುತ್ತಾನೆ. 'ಅದ್ಯಾಕೆ ಹಾಗೆ ಸಾರ್?' ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಿದರೆ ಅಧಿಕಪ್ರಸಂಗಿ. ಹುಡುಗಿಯಾದರೆ ಅದೂ ಇಲ್ಲ, ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ. ಮೇಷ್ಟ್ರು ಇವರನ್ನು ಗುರುತಿಸಿದರೂ ಕೊಡುವ ಬಹುಮಾನ ಒಂದೇ: ಲೀಡರ್ ಪಟ್ಟ. ಚಾಕ್‌ಪೀಸ್ ತರುವುದು, ಗಲಾಟೆ ಮಾಡಿದವರ ಹೆಸರು ಬರೆಯುವುದು, ಮೇಷ್ಟ್ರು ಮೀಟಿಂಗಿಗೆ ಹೋದರೆ ಕ್ಲಾಸು ನೋಡಿಕೊಳ್ಳುವುದು. ಕಲಿಯಬೇಕಾದವನು ಕಾವಲುಗಾರ!

ಮೇಷ್ಟ್ರನ್ನೇ ಬೈದರೆ ಪ್ರಯೋಜನವಿಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಡ್ಯೂಟಿ, ಸಮೀಕ್ಷೆ. ಇದರ ಮೇಲೆ ಫಲಿತಾಂಶ ಇಳಿದರೆ ನೋಟೀಸು. ಹೀಗಾಗಿ ಶಾಲೆಯ ಶಕ್ತಿಯೆಲ್ಲ ಫೇಲಾಗುವವರನ್ನು ದಡ ಮುಟ್ಟಿಸುವುದಕ್ಕೇ ಖರ್ಚು. ಅದು ಬೇಕಾದ ಕೆಲಸವೇ. ಆದರೆ ಹೇಗೂ ಪಾಸಾಗುವವನ ಗೋಜಿಗೆ ಹೋಗುವವರಿಲ್ಲ.

ಹಾಗಂತ ದಾರಿಯೇ ಇಲ್ಲವೆ? ಇದೆ. 2008ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಎಂಟನೇ ಕ್ಲಾಸಿನವರಿಗೇ ಇರುವುದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಖಾಸಗಿ ಕಾನ್ವೆಂಟಿನವರ ಪೈಪೋಟಿ ಇಲ್ಲ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಬುದ್ಧಿಶಕ್ತಿಗೆ 90 ಪ್ರಶ್ನೆ, ಪಾಠಕ್ಕೆ 90 ಪ್ರಶ್ನೆ. ಪಾಸಾಗಿ ಪಟ್ಟಿಯಲ್ಲಿ ಬಂದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ತನಕ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಕೂಲಿಯವರ ಮನೆಯಲ್ಲಿ ಈ ದುಡ್ಡಿನ ಬೆಲೆ ಏನು ಅಂತ ಕೇಳಿ. 'ಸಾಕು ಬಿಡು, ಗ್ಯಾರೇಜಿಗೆ ಹೋಗು' ಅನ್ನುವ ಅಪ್ಪನ ಬಾಯಿ ಕಟ್ಟುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಮಕ್ಕಳು, ಕರ್ನಾಟಕದ ಪಾಲು 5,534.

ಕೊಕ್ಕೆ ಇರುವುದು ಅರ್ಜಿಯಲ್ಲಿ. ಅದು ಶಾಲೆಯ ಮೂಲಕವೇ ಹೋಗಬೇಕು. ಹೆಡ್ಮಾಸ್ಟರು ಮನಸ್ಸು ಮಾಡಿದ ಶಾಲೆಯಿಂದ ಹತ್ತು ಅರ್ಜಿ, 'ನಮ್ಮ ಮಕ್ಕಳಿಗೆ ಎಲ್ಲಿ ಬರುತ್ತೆ' ಅನ್ನುವ ಕಡೆಯಿಂದ ಸೊನ್ನೆ. ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿ ಅಲೆಯಬೇಕು, ಒಂದು ದಿನದ ಕೂಲಿ ಖೋತಾ. ಪಾಸಾದ ಮೇಲೂ ಮುಗಿಯಲಿಲ್ಲ. ಕಂಪ್ಯೂಟರಿನಲ್ಲಿ ಮತ್ತೆ ನೋಂದಣಿ, ಪ್ರತಿ ವರ್ಷ ನವೀಕರಣ, ಶಾಲೆಯಿಂದ ದೃಢೀಕರಣ. ಆಧಾರಿನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ದುಡ್ಡು ದೆಹಲಿಯಲ್ಲೇ. ಹೈಸ್ಕೂಲು ಮುಗಿಸಿ ಕಾಲೇಜು ಸೇರಿದಾಗ ಹೊಸ ಗುಮಾಸ್ತರಿಗೆ ಈ ಸ್ಕೀಮೇ ಗೊತ್ತಿರುವುದಿಲ್ಲ. ಹತ್ತನೇ ಕ್ಲಾಸಿನವರಿಗೆ ಇದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಗೆ 2021ರಲ್ಲಿ ತಡೆ ಬಿತ್ತು. ಯಾರೂ ಧರಣಿ ಕೂರಲಿಲ್ಲ.

ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಕೆಲಸ ಮಾಡಲಿ. ಎಸ್ಸೆಸ್ಸೆಲ್ಸಿ ಶೇಕಡಾವಾರು ಪಟ್ಟಿ ಹೊರಡಿಸುವ ಹಾಗೆ, ಯಾವ ಶಾಲೆಯಿಂದ ಎಂಟನೇ ಕ್ಲಾಸಿನ ಎಷ್ಟು ಮಕ್ಕಳು ಈ ಪರೀಕ್ಷೆಗೆ ಕೂತರು ಅನ್ನುವ ಪಟ್ಟಿಯನ್ನೂ ಹೊರಡಿಸಲಿ. ಸೊನ್ನೆ ಇರುವ ಶಾಲೆಯವರನ್ನು ಕರೆದು ಕೇಳಲಿ. ಮೇಷ್ಟ್ರು ವಾರಕ್ಕೊಂದು ಕಷ್ಟದ ಲೆಕ್ಕ ಬೋರ್ಡಿನ ಮೂಲೆಯಲ್ಲಿ ಬರೆದು ಬಿಡಲಿ, ಯಾರು ಬಿಡಿಸುತ್ತಾರೋ ನೋಡಲಿ. ಲೈಬ್ರರಿ ಬೀರುವಿನ ಬೀಗದ ಕೈ ಆ ತರಲೆ ಹುಡುಗನ ಕೈಗೇ ಕೊಡಲಿ.

ಅಂಗಡಿ ಯಜಮಾನರಿಗೂ ಇದರಲ್ಲಿ ಪಾಲುಂಟು. ಪುರಸ್ಕಾರದ ಹಾರಕ್ಕೆ ಚಂದಾ ಕೊಡುವವರು ಅದರಲ್ಲಿ ಅರ್ಧವನ್ನು ಹಳೇ ಪ್ರಶ್ನೆಪತ್ರಿಕೆಯ ಜೆರಾಕ್ಸಿಗೆ ಕೊಟ್ಟರೆ ಹತ್ತಿರದ ಶಾಲೆಯ ಒಂದು ಕ್ಲಾಸಿಗೆ ಆದೀತು. ಸಂಜೆ ಹೊತ್ತು ಅಪ್ಪನ ಗಲ್ಲಾದಲ್ಲಿ ಕೂತು, ಹದಿನೈದು ಐಟಮ್ಮಿನ ಬಿಲ್ಲನ್ನು ಕಾಗದ ಪೆನ್ನು ಇಲ್ಲದೆ ಕೂಡಿ ಹೇಳುವ ಹುಡುಗ ಪೇಟೆಯಲ್ಲಿ ಕಾಣದವನೇನಲ್ಲ. ಚಿಲ್ಲರೆ ಎಣಿಸಿಕೊಳ್ಳುವಾಗ ಅವನನ್ನು ಒಂದು ಮಾತು ಕೇಳಿ: ಯಾವ ಕ್ಲಾಸಪ್ಪ, ಶಾಲೆಯಲ್ಲಿ ಎನ್‌ಎಂಎಂಎಸ್ ಅರ್ಜಿ ಹಾಕಿಸಿದರಾ?