ಫ್ಲಾರೆನ್ಸಿಗೆ ಮೂರು ಗಂಟೆ ಸಾಕೆ?

ನಿವೃತ್ತ ಗುಮಾಸ್ತ ಮಹಾಶಯರೊಬ್ಬರು ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಮೂವತ್ತೈದು ವರ್ಷ ಮುಂಬಯಿಯ ಕಚೇರಿಯೊಂದರಲ್ಲಿ ಲೆಕ್ಕ ಬರೆದು, ಮಕ್ಕಳಿಬ್ಬರ ವಿದ್ಯಾಭ್ಯಾಸ, ಮದುವೆಗಳನ್ನು ಪೂರೈಸಿ, ಊರಿನ ಮನೆಯ ಮಾಡಿಗೆ ಹೊಸ ಹೆಂಚು ಹೊದಿಸಿದವರು ಅವರು. ಉಳಿದ ಪ್ರಾವಿಡೆಂಟ್ ಫಂಡಿನ ಹಣದಲ್ಲಿ ಪತ್ನೀಸಮೇತರಾಗಿ ಒಮ್ಮೆ ಯುರೋಪು ಖಂಡವನ್ನು ನೋಡಿ ಬರಬೇಕೆಂಬುದು ಅವರ ಅಪೇಕ್ಷೆ. ಪ್ರವಾಸ ಕಂಪನಿಯೊಂದು ಅಚ್ಚು ಹಾಕಿಸಿದ ಬಣ್ಣದ ಹಾಳೆಯನ್ನು ನಮ್ಮ ಮೇಜಿನ ಮೇಲೆ ಹರಡಿ, "ಹತ್ತು ದಿನ, ಆರು ದೇಶ. ಏನೆನ್ನುತ್ತೀರಿ ರಾಯರೇ?" ಎಂದು ಕೇಳಿದರು. ನಾವು ಕನ್ನಡಕ ಏರಿಸಿ ಓದಿದೆವು. ಏಳನೆಯ ದಿನ: ಬೆಳಗಿನ ಉಪಾಹಾರ, ಬಸ್ಸು, ಪೀಸಾದ ವಾಲಿದ ಗೋಪುರ, ಮತ್ತೆ ಬಸ್ಸು, ಫ್ಲಾರೆನ್ಸ್ ನಗರ ದರ್ಶನ ಮೂರು ಗಂಟೆ, ರಾತ್ರಿಯ ವಸತಿ ಬೇರೊಂದು ಊರಿನಲ್ಲಿ.

ಆ ಮೂರು ಗಂಟೆಗಳ ಅನುಭವ ನಮಗೂ ಉಂಟು. ಕೆಲವು ವರ್ಷಗಳ ಹಿಂದೆ ನಾವೂ ಇಂತಹುದೇ ಒಂದು ತಂಡದಲ್ಲಿ ಹೋಗಿದ್ದೆವು. ನಲವತ್ತು ಮಂದಿ ಒಂದು ಪುಟ್ಟ ಬಾವುಟದ ಬೆನ್ನು ಹಿಡಿದು ಓಡಿ, ವಿಶಾಲವಾದ ಚೌಕವೊಂದರಲ್ಲಿ ನಿಂತೆವು. ಎದುರಿಗೆ ಬಿಳಿಯ ಕಲ್ಲಿನ ಎತ್ತರದ ತರುಣ. "ಇವನೇ ಡೇವಿಡ್" ಎಂದನು ಮಾರ್ಗದರ್ಶಿ. ನಾವು ಭಕ್ತಿಯಿಂದ ನೋಡಿದೆವು, ಭಾವಚಿತ್ರ ತೆಗೆಸಿಕೊಂಡೆವು, ಹಿಂದಿರುಗಿದ ಮೇಲೆ ಅದಕ್ಕೆ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದೆವು. ಅದನ್ನು ಕಂಡ ಉಪಾಧ್ಯಾಯ ಮಿತ್ರರೊಬ್ಬರು ನಕ್ಕಾಗಲೇ ನಮಗೆ ಸಂಗತಿ ತಿಳಿದುದು. ಮೈಕೆಲೆಂಜಲೋ 1504ರಲ್ಲಿ ಮುಗಿಸಿದ, ಹದಿನೇಳು ಅಡಿ ಎತ್ತರದ ನಿಜವಾದ ಡೇವಿಡನನ್ನು ಮಳೆಗಾಳಿಯಿಂದ ಕಾಪಾಡಲೆಂದು 1873ರಲ್ಲಿಯೇ ಅಕಾಡೆಮಿಯಾ ಎಂಬ ಸಂಗ್ರಹಾಲಯದೊಳಕ್ಕೆ ಒಯ್ದಿರುವರು. ಚೌಕದಲ್ಲಿ ನಿಂತಿರುವುದು 1910ರಲ್ಲಿ ಇರಿಸಿದ ನಕಲು. ಅಸಲಿಗೂ ನಕಲಿಗೂ ನಡುವಿನ ದೂರ ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷವಿದ್ದೀತು. ಮಾರ್ಗದರ್ಶಿ ಸುಳ್ಳು ಹೇಳಲಿಲ್ಲ. ನಿಜ ಹೇಳಲು ಅವನಿಗೆ ಪುರಸತ್ತು ಇರಲಿಲ್ಲ. ಧರ್ಮಸ್ಥಳಕ್ಕೆ ಹೋಗಿ ಮಹಾದ್ವಾರಕ್ಕೆ ಕೈಮುಗಿದು ಮರಳಿದವನ ಗತಿ ನಮ್ಮದಾಯಿತು. ಆ ಚಿತ್ರ ಇಂದಿಗೂ ಗೋಡೆಯ ಮೇಲಿದೆ. ಬುದ್ಧಿ ಬರಲೆಂದು ಇಳಿಸಿಲ್ಲ.

ಹೋಟೆಲು ನಡೆಸಿದವರಾದುದರಿಂದ ಈ ವ್ಯಾಪಾರದ ಒಳಗುಟ್ಟು ನಮಗೆ ತಿಳಿಯದುದಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗಿರಾಕಿಯನ್ನು ಬೇಗ ಕೂರಿಸಿ, ಬೇಗ ಬಡಿಸಿ, ಬೇಗ ಎಬ್ಬಿಸಿದಷ್ಟೂ ಗಲ್ಲೆಗೆ ಲಾಭ. ಕೈಯಲ್ಲಿ ಬಟ್ಟೆ ಹಿಡಿದು ಮಾಣಿ ಬಗಲಲ್ಲೇ ನಿಂತರೆ ಯಾವ ಗಿರಾಕಿಯೂ ಎರಡನೆಯ ಸಲ ಮಜ್ಜಿಗೆ ಕೇಳಲಾರನು. ಆದರೆ ಊಟದವನು ಕೊಟ್ಟುದು ಒಂದು ತಾಲಿಯ ಬೆಲೆ. ನಮ್ಮ ಗುಮಾಸ್ತರು ಕೊಡಲಿರುವುದು ಒಂದು ಆಯುಷ್ಯದ ಉಳಿತಾಯ. ಅಷ್ಟು ಕೊಟ್ಟವರನ್ನು ಎಬ್ಬಿಸಿ ಓಡಿಸುವುದು ನ್ಯಾಯವಲ್ಲ. ಆದುದರಿಂದ ಅವರಿಗೆ ನಾವು ನುಡಿದುದನ್ನೇ ಇಲ್ಲಿಯೂ ಬರೆಯುತ್ತಿರುವೆವು: ಆರು ದೇಶಗಳನ್ನು ಬಿಡಿ. ಒಂದೇ ಊರಿಗೆ ಹೋಗಿ, ಏಳು ದಿನ ಅಲ್ಲಿಯೇ ಇರಿ. ಆ ಊರು ಫ್ಲಾರೆನ್ಸ್ ಆಗಲಿ.

"ಅಲ್ಲಿರುವುದು ಚಿತ್ರ, ಶಿಲ್ಪ. ಅವೆಲ್ಲ ಶ್ರೀಮಂತರ, ಪಂಡಿತರ ಗೊಡವೆ. ಲೆಕ್ಕ ಬರೆದವನಿಗೆ, ಲೋಟ ತೊಳೆದವನಿಗೆ ಅಲ್ಲೇನು ಕೆಲಸ?" ಎಂದು ಅವರು ಕೇಳಿದರು. ಈ ಅಳುಕು ನಮ್ಮವರಲ್ಲಿ ಬಹಳ. ಆದರೆ ಫ್ಲಾರೆನ್ಸಿನ ಮಟ್ಟಿಗೆ ಇದು ಪೂರಾ ತಪ್ಪು. ಬಾಟಿಚೆಲ್ಲಿಯ ಚಿತ್ರಗಳಿಗಾಗಿ ಲೋಕವೆಲ್ಲ ಸಾಲು ನಿಲ್ಲುವ 'ಉಫ್ಫಿತ್ಸಿ' ಎಂಬ ಭವನದ ಹೆಸರಿಗೆ ಅರ್ಥ 'ಕಚೇರಿಗಳು' ಎಂದಷ್ಟೆ. 1560ರಲ್ಲಿ ಕೊಸಿಮೋ ದೊರೆ ವಸಾರಿ ಎಂಬ ಶಿಲ್ಪಿಯಿಂದ ಅದನ್ನು ಕಟ್ಟಿಸಲು ತೊಡಗಿದುದು ಸರಕಾರದ ಅಧಿಕಾರಿಗಳೂ ಗುಮಾಸ್ತರೂ ಒಂದೇ ಸೂರಿನಡಿ ಕುಳಿತು ಕೆಲಸ ಮಾಡಲೆಂದು. ಚಿತ್ರಗಳು ಬಂದುದು ಆ ಮೇಲೆ. ಪಕ್ಕದ ಹಳೆಯ ಅರಮನೆಯಲ್ಲಿ, ನಮ್ಮ ನಕಲು ಡೇವಿಡನು ಬಾಗಿಲು ಕಾಯುತ್ತಿರುವನಲ್ಲ, ಅಲ್ಲಿ 1498ರಿಂದ 1512ರವರೆಗೆ ಕಾರ್ಯದರ್ಶಿಯಾಗಿ ಓಲೆ ಬರೆದವನು ಮ್ಯಾಕಿಯವೆಲಿ. ಸರಕಾರ ಬದಲಾಯಿತು, ಅವನ ಕೆಲಸ ಹೋಯಿತು, ಸೆರೆಮನೆಯೂ ಚಿತ್ರಹಿಂಸೆಯೂ ಪ್ರಾಪ್ತವಾದುವು. ಆ ಬಳಿಕ ಹಳ್ಳಿಯ ಮನೆಯಲ್ಲಿ ಕುಳಿತು ಅವನು ಬರೆದ ರಾಜನೀತಿಯ ಗ್ರಂಥವನ್ನು ಜಗತ್ತು ಇಂದಿಗೂ ಓದುತ್ತಿದೆ. ಕೆಲಸ ಕಳೆದುಕೊಂಡ ಗುಮಾಸ್ತನ ಸಂಕಟ ಯಾವುದೆಂದು ನಮ್ಮ ವಾಚಕರಿಗೆ ಯಾರೂ ವಿವರಿಸಬೇಕಿಲ್ಲ.

ಕೈಕೆಲಸದವರ ಸಂಗತಿ ಇನ್ನೂ ಸೊಗಸು. ಓರ್ಸಾನ್ಮಿಕೇಲೆ ಎಂಬ ಚರ್ಚು ಮೊದಲು ಧಾನ್ಯದ ಮಂಡಿಯಾಗಿತ್ತು. ಅದರ ಹೊರಗೋಡೆಯ ಗೂಡುಗಳಲ್ಲಿ ನೇಯ್ಗೆಯ ವ್ಯಾಪಾರಿಗಳು, ಕವಚ ಮಾಡುವವರು, ಲೇವಾದೇವಿಯವರು, ಹೀಗೆ ಒಂದೊಂದು ಕಸುಬಿನ ಸಂಘವೂ ತನ್ನ ಕುಲದೈವದಂತಿದ್ದ ಸಂತನ ಪ್ರತಿಮೆಯನ್ನು ನಿಲ್ಲಿಸಿತು. ಕಲ್ಲು ಮರಗಳ ಕೆಲಸದವರ ಗೂಡನ್ನು ಹುಡುಕಿ ನೋಡಿ. ಮೇಲೆ ನಾಲ್ವರು ಸಂತರು. ಕೆಳಗೆ ಪೀಠದಲ್ಲಿ ಗೋಡೆ ಕಟ್ಟುವವನು, ಕಂಬ ಕೊರೆಯುವವನು, ಬೊಂಬೆ ಕೆತ್ತುವವನು ತಮ್ಮ ಪಾಡಿಗೆ ತಾವು ದುಡಿಯುತ್ತಿರುವರು. (ಇಲ್ಲಿಯೂ ಹೊರಗಿರುವುವು ನಕಲುಗಳೇ. ಒಮ್ಮೆ ಮೋಸಹೋದವರು ನಾವು, ಈಗ ಎಲ್ಲೆಲ್ಲಿಯೂ ವಿಚಾರಿಸಿಯೇ ಮುಂದುವರಿಯುವೆವು.) ಊರಿನ ಮಹಾಗುಮ್ಮಟವನ್ನು ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ, ಕೆಳಗಿನಿಂದ ಮರದ ಆಸರೆ ಕೊಡದೆಯೇ ಇಟ್ಟಿಗೆಯಲ್ಲಿ ಎಬ್ಬಿಸಿದನು. ಆಳುಗಳು ಊಟಕ್ಕಾಗಿ ಅಷ್ಟು ಎತ್ತರದಿಂದ ಇಳಿದು ಮತ್ತೆ ಹತ್ತಿದರೆ ಹೊತ್ತು ವ್ಯರ್ಥವೆಂದು, ಗುಮ್ಮಟದ ಮೇಲೆಯೇ ಅಡುಗೆಯ ಹಾಗೂ ಪಾನೀಯದ ಅಂಗಡಿಗಳನ್ನು ತೆರೆಯಿಸಿದನಂತೆ. ಇದು ವಸಾರಿಯೇ ಬರೆದಿಟ್ಟ ಮಾತು. ಆ ಅಂಗಡಿಯವನ ಹೆಸರು ಉಳಿದಿಲ್ಲ. ನಮಗಂತೂ ಬ್ರುನೆಲ್ಲೆಸ್ಕಿಯಷ್ಟೇ ಅವನ ಮೇಲೂ ಗೌರವ. ಇಂದು ಮೇಲೇರಲು 463 ಮೆಟ್ಟಿಲುಗಳಿವೆ, ಲಿಫ್ಟು ಇಲ್ಲ. ಮಂಡಿನೋವಿನವರು ಕೆಳಗಿನಿಂದಲೇ ನೋಡುವುದು ಲೇಸು.

ನಮ್ಮ ಹೋಟೆಲು ಬಂಧುಗಳು ತಪ್ಪದೆ ನೋಡಬೇಕಾದ ಸ್ಥಳ ಇನ್ನೊಂದಿದೆ. ರೇಷ್ಮೆ ಸಂಘದವರ ಹಣದಿಂದ 1419ರಲ್ಲಿ ಕೆಲಸ ಆರಂಭವಾದ ಅನಾಥ ಶಿಶುಗಳ ಆಶ್ರಮ ಅದು. ಸಾಕಲಾರದ ತಾಯಂದಿರು ಕೂಸನ್ನು ಅಲ್ಲಿ ಬಿಟ್ಟುಹೋಗುತ್ತಿದ್ದರು. ಎಂದಾದರೂ ಮರಳಿ ಬಂದರೆ ಗುರುತು ಸಿಕ್ಕಲೆಂದು ಕೆಲವರು ಪದಕವನ್ನೋ ನಾಣ್ಯವನ್ನೋ ಎರಡಾಗಿ ತುಂಡರಿಸಿ, ಅರ್ಧವನ್ನು ಕೂಸಿನ ಜೊತೆಗಿಟ್ಟು ಅರ್ಧವನ್ನು ತಾವು ಒಯ್ಯುತ್ತಿದ್ದರು. ಮಕ್ಕಳ ಬಳಿ ಉಳಿದ ಆ ಅರ್ಧಗಳು ಈಗಲೂ ಅಲ್ಲಿನ ಸಂಗ್ರಹಾಲಯದ ಪುಟ್ಟ ಪುಟ್ಟ ಗೂಡುಗಳಲ್ಲಿವೆ. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿ ಕಟ್ಟಿಕೊಟ್ಟ ಅವಲಕ್ಕಿಯ ಗಂಟಿನೊಡನೆ ಮುಂಬಯಿಗೆ ಬಂದಿಳಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅದರ ಮುಂದೆ ನಿಲ್ಲಲು ಯಾವ ಪಾಂಡಿತ್ಯವೂ ಬೇಡ.

ಊರ ಹೊರಗೆ ಆರ್ನೋ ನದಿಯ ದಂಡೆಯಲ್ಲಿ ಕಶ್ಶೀನೆ ಎಂಬ ಉದ್ದನೆಯ ಉದ್ಯಾನವಿದೆ. ಅದರ ಪಡುವಣ ಕೊನೆಯಲ್ಲಿ, ಚಿಕ್ಕ ಹೊಳೆಯೊಂದು ನದಿಯನ್ನು ಕೂಡುವ ಸಂಗಮದ ಬಳಿ, ಛತ್ರಿಯ ಕೆಳಗೆ ಪೇಟ ಧರಿಸಿದ ತರುಣನೊಬ್ಬನ ಅರ್ಧಪ್ರತಿಮೆಯುಂಟು. ಇವರು ಕೊಲ್ಹಾಪುರದ ರಾಜಾರಾಮ ಮಹಾರಾಜರು. ಇಂಗ್ಲೆಂಡಿನಿಂದ ಸ್ವದೇಶಕ್ಕೆ ಮರಳುವ ಹಾದಿಯಲ್ಲಿ 1870ರ ನವೆಂಬರ್ 30ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡರು; ಆಗ ವಯಸ್ಸು ಇಪ್ಪತ್ತು. ಹೆಣ ಸುಡುವ ಪದ್ಧತಿಯೇ ಇಲ್ಲದ ಆ ಊರಿನವರು ವಿಶೇಷ ಅನುಮತಿ ಇತ್ತು, ಹಿಂದೂ ವಿಧಿಯಂತೆ ನದಿಯ ತೀರದಲ್ಲಿ ದಹನ ಮಾಡಗೊಟ್ಟರು. 1874ರಲ್ಲಿ ಸ್ಮಾರಕವೂ ಎದ್ದಿತು. 1978ರಲ್ಲಿ ಹತ್ತಿರದಲ್ಲೇ ಕಟ್ಟಿದ ಸೇತುವೆಗೆ ಜನರು 'ಭಾರತೀಯನ ಸೇತುವೆ' ಎಂದೇ ಹೆಸರಿಟ್ಟರು. ಮಹಾಲಕ್ಷ್ಮಿಯ ದರ್ಶನಕ್ಕೆಂದು ಕೊಲ್ಹಾಪುರಕ್ಕೆ ಹೋಗಿಬರುವ ನಾವು ಆ ಮೂರು ಗಂಟೆಯಲ್ಲಿ ಇಲ್ಲಿಗೆ ಹೋಗಲಿಲ್ಲವೆಂಬುದು ನಕಲು ಡೇವಿಡನಿಗಿಂತಲೂ ನಮ್ಮ ಮನಸ್ಸನ್ನು ಹೆಚ್ಚು ಚುಚ್ಚುತ್ತಿದೆ.

ಇನ್ನು ಸಿದ್ಧತೆಯ ಮಾತು. ಜುಲೈ, ಆಗಸ್ಟ್ ತಿಂಗಳುಗಳು ಬೇಡ. ಅಲ್ಲಿ ಆಗ ಸುಡುವ ಸೆಕೆ, ವಿಪರೀತ ಜನಸಂದಣಿ. ಉಣ್ಣೆಯ ಕೋಟೊಂದನ್ನು ಸಂಪಾದಿಸಿಕೊಂಡು ಫೆಬ್ರವರಿಯಲ್ಲಿ ಹೋದರೆ ಸಾಲುಗಳೂ ಚಿಕ್ಕವು, ಕೋಣೆಯ ಬಾಡಿಗೆಯೂ ಕಡಿಮೆ. ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಜೊತೆಗೆ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಅಕಾಡೆಮಿಯಾ, ಉಫ್ಫಿತ್ಸಿ, ಗುಮ್ಮಟ ಇವು ಮೂರಕ್ಕೂ ಮೊದಲೇ ದಿನ, ಗಂಟೆ ಗೊತ್ತುಮಾಡಿ ಟಿಕೇಟು ಪಡೆದಿರಬೇಕು. ಮೊದಲೆರಡಕ್ಕೆ ಸೋಮವಾರ ರಜೆ. ತಿಂಗಳ ಮೊದಲ ಭಾನುವಾರ ಸರಕಾರಿ ಸಂಗ್ರಹಾಲಯಗಳಿಗೆ ಪ್ರವೇಶಧನವಿಲ್ಲವೆಂಬುದು ನಿಜ, ಆದರೆ ಆ ದಿನದ ಜಾತ್ರೆಯನ್ನು ಸಹಿಸುವ ಶಕ್ತಿಯಿರಬೇಕು.

ವಸತಿಯ ವಿಷಯದಲ್ಲಿ ನಮ್ಮದೊಂದು ವಿನಂತಿ. ಹಳೆಯ ಊರಿನ ವಾಸದ ಮನೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ ದಂಧೆ ಅಲ್ಲಿ ಮಿತಿಮೀರಿದೆ. ಬಾಡಿಗೆ ಏರಿ, ಊರಿನವರೇ ಊರ ಹೊರಗೆ ಸೇರಬೇಕಾಗಿದೆಯೆಂಬುದು ಅಲ್ಲಿನವರ ದೊಡ್ಡ ದೂರು. ಹಳೆಯ ನಗರದಲ್ಲಿ ಹೊಸದಾಗಿ ಇಂತಹ ಬಿಡಾರಗಳು ಆಗಕೂಡದೆಂದು ನಗರಸಭೆ 2023ರಲ್ಲಿ ನಿರ್ಣಯಿಸಬೇಕಾಯಿತು. ಮುಚ್ಚಿದ ಹೋಟೆಲಿನ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ಮಲಗಿ ಪ್ರಾಯ ಕಳೆದ ನಮ್ಮವರು, ಪರವೂರಿನ ಮಾಣಿಯೊಬ್ಬನ ಮನೆಯನ್ನು ಕಸಿದ ಪಾಪದಲ್ಲಿ ಪಾಲುಗಾರರಾಗುವುದು ಬೇಡ. ಸಾಧಾರಣ ಹೋಟೆಲಿನಲ್ಲಿ ಇಳಿಯಿರಿ. ಇಲ್ಲವೆ ಕೆಲವು ಕನ್ಯಾಮಠಗಳಲ್ಲಿ ಯಾತ್ರಿಕರಿಗೆ ಕೊಡುವ ಶುಚಿಯಾದ ಕೋಣೆಗಳಿವೆ; ನಮ್ಮ ಛತ್ರಗಳಂತೆ ರಾತ್ರಿ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವ ನಿಯಮವುಂಟು. ನಮ್ಮ ವಯಸ್ಸಿನವರಿಗೆ ಅದರಿಂದ ಅಡ್ಡಿಯಿಲ್ಲ.

ಊಟದ ಬಗೆಗೆ ಗುಮಾಸ್ತರ ಪತ್ನಿಯವರಿಗೆ ಬಹಳ ಚಿಂತೆಯಿತ್ತಂತೆ. ಅಲ್ಲಿನ ಬಡವರ ಅಡುಗೆಯೇ ನಮ್ಮ ಬಾಯಿಗೆ ಹಿತ. ಬೀನ್ಸ್ ಕಾಳು, ಕಪ್ಪು ಎಲೆಕೋಸು, ತಂಗಳು ರೊಟ್ಟಿ ಹಾಕಿ ಮತ್ತೆ ಕುದಿಸಿದ 'ರಿಬೊಲ್ಲಿತ' ಎಂಬ ಗಟ್ಟಿ ಸಾರು ಕೇಳಿ ನೋಡಿ. ಮಾಂಸದ ರಸ ಬೆರೆಸಿಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಬೇಕು. ರೊಟ್ಟಿ ಸಪ್ಪೆಯೆಂದು ಮಾಣಿಯನ್ನು ಗದರಬೇಡಿ, ಅಲ್ಲಿ ರೊಟ್ಟಿಗೆ ಉಪ್ಪು ಹಾಕುವ ವಾಡಿಕೆಯೇ ಇಲ್ಲ. ಪಾರ್ಮೆಸಾನ್ ಚೀಸನ್ನು ಕರುವಿನ ಜಠರದ ಹೆಪ್ಪಿನಿಂದ ಮಾಡುವರೆಂಬುದನ್ನು ಕಟ್ಟುನಿಟ್ಟಿನ ಸಸ್ಯಾಹಾರಿಗಳು ತಿಳಿದಿರುವುದು ಒಳ್ಳೆಯದು. ಕಾಫಿಯನ್ನು ನಿಂತು ಕುಡಿದರೆ ಒಂದು ದರ, ಕುಳಿತರೆ ಹೆಚ್ಚು ದರ. ಊಟಕ್ಕೆ ಕುಳಿತೊಡನೆ ತಲೆಗಿಷ್ಟೆಂದು ಮೇಜಿನ ಖರ್ಚನ್ನು ಬಿಲ್ಲಿಗೆ ಸೇರಿಸುವರು. ಈ ಉಪಾಯ ನಮಗೆ ಹೋಟೆಲು ನಡೆಸುವ ಕಾಲದಲ್ಲಿ ಹೊಳೆಯದೆ ಹೋಯಿತಲ್ಲ ಎಂದು ಒಂದು ಗಳಿಗೆ ಮರುಗಿದ್ದು ಸುಳ್ಳಲ್ಲ.

ಗುಮಾಸ್ತರು ಮೊನ್ನೆ ಪುನಃ ಬಂದಿದ್ದರು. ಬಣ್ಣದ ಹಾಳೆಯ ಬದಲು ಕೈಯಲ್ಲಿ ಮಗನ ಹಳೆಯ ನೋಟುಪುಸ್ತಕ. ಏಳು ದಿನಗಳಿಗೆ ಗೆರೆಯೆಳೆದು, ದುಂಡಾದ ಅಕ್ಷರದಲ್ಲಿ ಸ್ಥಳ, ಹೊತ್ತು, ಖರ್ಚು ಎಲ್ಲವನ್ನೂ ಲೆಕ್ಕದ ಪುಸ್ತಕದಂತೆ ಬರೆದಿದ್ದರು. ಮೂರನೆಯ ದಿನದ ಮುಂದೆ 'ಕೊಲ್ಹಾಪುರ ಮಹಾರಾಜರು, ಬೆಳಿಗ್ಗೆ' ಎಂದಿತ್ತು. ಐದನೆಯ ದಿನ ಮಾತ್ರ ಖಾಲಿ. ಏಕೆಂದು ಕೇಳಿದೆವು. ವೆನಿಸ್ಸಿನ ದೋಣಿ ಹತ್ತದೆ ಬಂದರೆ ನೆರೆಹೊರೆಯಲ್ಲಿ ತಲೆಯೆತ್ತುವಂತಿಲ್ಲವೆಂದು ಪತ್ನಿಯವರು ಹಟ ಹಿಡಿದಿರುವರಂತೆ. ನಮ್ಮ ವಾದಕ್ಕೆ ಇದು ವಿರುದ್ಧವೇ ಸರಿ. ಆದರೂ ರೈಲಿನಲ್ಲಿ ಎರಡೂಕಾಲು ಗಂಟೆ, ಬೆಳಿಗ್ಗೆ ಹೋಗಿ ರಾತ್ರಿಗೆ ಮರಳಬಹುದೆಂದು ಹೇಳಿದೆವು. ಅವರು ಪೆನ್ಸಿಲಿನಲ್ಲಿ ಬರೆದುಕೊಂಡರು.