ಉದ್ಯೋಗ ಮೇಳಕ್ಕೆ ಹೊರಟವರೇ, ಕೈಗೆ ಸಿಗೋ ಸಂಬಳ ಎಷ್ಟು ಅಂತ ಕೇಳ್ತೀರಾ?

ಚನ್ನಗಿರಿ: 2024ರ ಫೆಬ್ರವರಿ 26, 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ 'ಯುವ ಸಮೃದ್ಧಿ ಸಮ್ಮೇಳನ' ಹೆಸರಲ್ಲಿ ಉದ್ಯೋಗ ಮೇಳ ನಡೆಸಿತ್ತು. ಇಂಥ ಮೇಳ ಅಂದಕೂಡಲೇ ನಮ್ಮ ಕಾಲೇಜು ಹುಡುಗರ ತಯಾರಿ ಒಂದೇ: ಜೆರಾಕ್ಸ್ ಅಂಗಡಿಗೆ ಹೋಗಿ ಬಯೋಡೇಟಾ ಹತ್ತು ಪ್ರತಿ ತೆಗೆಸೋದು. ಎಲ್ಲರದ್ದೂ ಒಂದೇ ಅಚ್ಚು, ಹೆಸರು ಮಾತ್ರ ಬೇರೆ. ಅಡಿಕೆ ಮಂಡಿಯಲ್ಲಿ ಎರಡು ವರ್ಷ ಲೆಕ್ಕ ಬರೆದವನೂ ಅದನ್ನ ಹಾಕಲ್ಲ. ಬಿಲ್ಲಿಂಗ್, ಸ್ಟಾಕ್ ಗೊತ್ತಿದ್ರೆ ಅದೂ ಅನುಭವವೇ ಕಣ್ರೀ. ಅಂಗಡಿ ಮಾಲೀಕರು ಎರಡು ಸಾಲಿನ ಪತ್ರ ಬರೆದುಕೊಟ್ಟರೆ ಹುಡುಗರಿಗೆ ಉಪಕಾರ.

ಅಸಲಿ ವಿಷಯ ಸಂಬಳ. ಸ್ಟಾಲಿನಲ್ಲಿ ಹೇಳೋದು 'ಸಿಟಿಸಿ'. 18 ಸಾವಿರ ಸಿಟಿಸಿ, ಅದರಲ್ಲಿ ಮೂಲ ವೇತನ 12 ಸಾವಿರ ಅಂತಿಟ್ಟುಕೊಳ್ಳಿ. ಶೇ 12ರಂತೆ ನಿಮ್ಮ ಪಿಎಫ್ 1,440, ಕಂಪನಿ ಪಾಲೂ 1,440. ಎರಡೂ ಆ 18 ಸಾವಿರದೊಳಗಿನದ್ದೇ. ಇಎಸ್‌ಐ ಬೇರೆ. ಕೈಗೆ ಬರೋದು 15 ಸಾವಿರದೊಳಗೆ. ಪಿಎಫ್ ದುಡ್ಡು ನಿಮ್ಮದೇ, ನಿಜ. ಆದ್ರೆ ಪಿ.ಜಿ. ಬಾಡಿಗೆ ಅದರಲ್ಲಿ ಕಟ್ಟೋಕಾಗಲ್ಲ. ಕೆಲಸ ಸಿಕ್ಕ ಮೇಲೆ ಯುವನಿಧಿಯ 3,000, ಡಿಪ್ಲೊಮಾದವರಿಗಾದ್ರೆ 1,500, ಅದೂ ನಿಲ್ಲುತ್ತೆ.

ಹಂಗಾಗಿ ಬಯೋಡೇಟಾ ಜೊತೆ ಪ್ರಶ್ನೆಗಳನ್ನೂ ಬರ್ಕೊಂಡು ಹೋಗಿ. ಊರು ಯಾವುದು, ರೂಮು ಕೊಡ್ತಾರಾ, ಕಾಯಂ ಕೆಲಸವೋ ಅಪ್ರೆಂಟಿಸ್ಸೋ? ಅಪ್ರೆಂಟಿಸ್ ಅಂದ್ರೆ ಅವಧಿ ಮುಗಿದ ಮೇಲೆ ಇಟ್ಕೊಳ್ಳಲೇಬೇಕು ಅಂತಿಲ್ಲ. 'ಮುಂದಿನ ಸುತ್ತಿಗೆ ಆಯ್ಕೆ' ಅನ್ನೋ ಚೀಟಿ ಆಫರ್ ಲೆಟರ್ ಅಲ್ಲ, ಅದನ್ನ ನಂಬಿ ಇರೋ ಕೆಲಸ ಬಿಡಬೇಡಿ. ಟ್ರೈನಿಂಗ್ ಫೀ, ಡೆಪಾಸಿಟ್ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ, ಅಲ್ಲಿಂದಲೇ ಎದ್ದು ಬನ್ನಿ.