ಬಾಡಿಗೆಯ ಮನೆಯೂ ಅಭಯದಾನವೂ

ಅಹಿಂಸೆಯನ್ನು ಅಡುಗೆಮನೆಯಲ್ಲಿ ಕಾಪಾಡಿ, ತಲೆಬಾಗಿಲಿನಲ್ಲಿ ಕೈಬಿಡುವುದು ಧರ್ಮವಾಗಲಾರದು. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಓದಿಗೆಂದು, ಉದ್ಯಮಬಾಗದ ಕಾರ್ಖಾನೆಗಳ ಕೆಲಸಕ್ಕೆಂದು ಬೆಳಗಾವಿಗೆ ಬಂದವರು ಬಾಡಿಗೆಗೆ ಮನೆ ಕೇಳಿದರೆ, ಬಾಡಿಗೆಯ ಮಾತಿಗೂ ಮೊದಲು ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹಿಡಿಸದಿದ್ದರೆ ಖಾಲಿ ಮನೆಯೂ ‘ಬೇರೆಯವರಿಗೆ ಕೊಟ್ಟಾಗಿದೆ’. ಈ ರೂಢಿಯಿಂದ ಶ್ರಾವಕರ ಮನೆಗಳೂ ಹೊರತಲ್ಲ.

ಆಹಾರಶುದ್ಧಿಗಾಗಿ ಹೀಗೆ ಮಾಡಬೇಕಾಗುತ್ತದೆ ಎಂಬುದು ಸಾಮಾನ್ಯ ಸಮಾಧಾನ. ಬಸದಿಯ ಆವರಣದಲ್ಲಿ ಮಾಂಸ ಬೇಯಿಸಬಾರದೆಂಬ ನಿಯಮವನ್ನು ಮೊದಲೇ ತಿಳಿಸಿ ಕರಾರಿನಲ್ಲಿ ಬರೆಯಿಸುವುದು ನ್ಯಾಯವೇ. ಆದರೆ ನಿಯಮವು ಆಚರಣೆಗೆ ಸಂಬಂಧಿಸಿದ್ದು. ಪ್ರಶ್ನೆಯು ಹುಟ್ಟಿಗೆ ಸಂಬಂಧಿಸಿದ್ದು. ಸಸ್ಯಾಹಾರವನ್ನು ಒಪ್ಪಿದವನನ್ನೂ ಅಡ್ಡಹೆಸರು ನೋಡಿ ಹಿಂದಕ್ಕೆ ಕಳುಹಿಸಿದಾಗ ಅಲ್ಲಿ ಉಳಿಯುವುದು ಜಾತಿಮದವೊಂದೇ. ಎಂಟು ಮದಗಳಲ್ಲಿ ಅದೂ ಒಂದೆಂಬುದನ್ನು ಯಾವ ಶ್ರಾವಕನಿಗೆ ನೆನಪಿಸಬೇಕು?

ಖಾನಾಪುರ ತಾಲೂಕಿನ ಹಲಸಿಯೇ ಅಂದಿನ ಪಲಾಶಿಕಾ. ಐದನೆಯ ಶತಮಾನದಲ್ಲಿ ಕದಂಬ ಮೃಗೇಶವರ್ಮನು ಅಲ್ಲಿ ತಂದೆಯ ನೆನಪಿಗೆ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಮೂರು ಸಂಘಗಳಿಗೂ ಭೂಮಿಯನ್ನಿತ್ತನೆಂದು ತಾಮ್ರಶಾಸನ ಸಾರುತ್ತದೆ. ಭಿನ್ನ ಆಚಾರದವರಿಗೆ ಒಂದೇ ಊರಿನಲ್ಲಿ ನೆಲೆ ಸಿಕ್ಕಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನವೆಂದು ಹೇಳಿದ್ದಾರೆ. ಅದು ಮುನಿಗಳಿಗೆ ಸಲ್ಲುವ ದಾನ, ನಿಜ. ಬಾಡಿಗೆದಾರನು ಕೇಳುವುದು ದಾನವನ್ನಲ್ಲ. ಹಣ ಕೊಟ್ಟು ನೆಲೆ ಕೇಳುತ್ತಾನೆ.

ಇನ್ನು ಮನೆ ಬಿಡಿಸುವ ಬಗೆ. ನಲ್ಲಿಯ ನೀರು ನಿಲ್ಲಿಸುವುದು, ವಿದ್ಯುತ್ತು ಕಡಿಯುವುದು, ಮನೆಯವರು ಹೊರಗಿರುವಾಗ ಬೀಗ ಜಡಿಯುವುದು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ಎಣಿಸಿದೆ. ನೀರು ಗಾಳಿಸಿ ಕುಡಿಯುವವನು ಮತ್ತೊಬ್ಬರ ಮಕ್ಕಳ ನೀರನ್ನು ನಿಲ್ಲಿಸಿದರೆ ವ್ರತವೆಲ್ಲಿ ಉಳಿಯಿತು?

ರಾಜ್ಯದ ಕಾನೂನೂ ಇದನ್ನು ಒಪ್ಪುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ 27ನೆಯ ಕಲಮಿನಂತೆ, ಅದರ ವ್ಯಾಪ್ತಿಯ ಮನೆಯನ್ನು ನ್ಯಾಯಾಲಯದ ಆದೇಶವಿಲ್ಲದೆ ಬಿಡಿಸುವಂತಿಲ್ಲ. ಹೆಚ್ಚು ಬಾಡಿಗೆಯ ಮನೆಗಳು ಅದರ ಹೊರಗಿದ್ದರೂ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಹದಿನೈದು ದಿನಗಳ ನೋಟೀಸು ಬೇಕು. ಬಲವಂತದಿಂದ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿಪಡಿಸುವುದು 1955ರಿಂದಲೇ ಶಿಕ್ಷಾರ್ಹ ಅಪರಾಧ.

ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಅಹಮದಾಬಾದಿನ ಪಾರಸಿ ಗೃಹಸಂಘವೊಂದರ ಸದಸ್ಯತ್ವವನ್ನು ಆ ಸಮುದಾಯಕ್ಕೇ ಸೀಮಿತಗೊಳಿಸಿದ ನಿಯಮವನ್ನು ಎತ್ತಿಹಿಡಿಯಿತೆಂದು ಕೆಲವರು ವಾದಿಸುವರು. ಕಾನೂನು ತಡೆಯದಿದ್ದುದೆಲ್ಲ ಧರ್ಮವಾದರೆ, ಅಣುವ್ರತಗಳ ಅಗತ್ಯವೇನಿತ್ತು?

ಬಾಡಿಗೆ ಕೊಡದವನನ್ನು ಬಿಡಿಸಲು ನ್ಯಾಯಾಲಯವಿದೆ. ಮಾಲೀಕನ ಹಕ್ಕನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಮನೆ, ಮಳಿಗೆಗಳನ್ನು ಬಾಡಿಗೆಗೆ ಕೊಡುವ ಬಸದಿಗಳ ವಿಶ್ವಸ್ತ ಮಂಡಳಿಗಳೇ ಮೇಲ್ಪಂಕ್ತಿ ಹಾಕಲಿ: ಬರಹದ ಕರಾರು, ಪ್ರತಿ ತಿಂಗಳ ರಸೀದಿ, ಠೇವಣಿಗೆ ಮಿತಿ, ಬಿಡಿಸಬೇಕಾದರೆ ನೋಟೀಸು, ಜಾತಿ ಕೇಳದ ಅರ್ಜಿ. ಯಾವ ರಾತ್ರಿ ಬೀಗ ಬೀಳುವುದೋ ಎಂಬ ಅಂಜಿಕೆಯಲ್ಲಿ ಬಾಡಿಗೆದಾರನ ಕುಟುಂಬವನ್ನು ಇರಿಸಿದವನು, ಬಸದಿಯಲ್ಲಿ ಅಭಯದಾನದ ಮಹಿಮೆಯನ್ನು ಕೇಳಿ ತಲೆದೂಗಿದರೆ ಫಲವೇನು?